ಏನೂ ಇಲ್ಲಂದ್ರ ಹಿಂಗ್ಯಾಕ ಅದಾನ್ರಿ?

ಬಳ್ಳಾರಿ ಕಡೆಯ ಮನೋರೋಗ ವಿಭಾಗಗಳ ಹೊರಗಿನ ಬೆಂಚಿನ ಮೇಲೆ ಕಾಯುವವರ ಕೈ ಗಮನಿಸಿದರೆ ಕೆಲವರ ಮಡಿಲಲ್ಲಿ ಒಂದು ದೊಡ್ಡ ಲಕೋಟೆ ಕಾಣುತ್ತದೆ. ಒಳಗಿರುವುದು ಎಂಆರ್‌ಐ ಫಿಲ್ಮು. ಜನರ ಬಾಯಲ್ಲಿ ಅದು 'ತಲಿ ಫೋಟೊ'. ಸಿಂಧನೂರು ಕಡೆಯ ಒಬ್ಬ ತಾಯಿ ಅದನ್ನು ಬಟ್ಟೆ ಅಂಗಡಿಯ ಚೀಲದಲ್ಲಿಟ್ಟು, ಮಡಿಕೆ ಬೀಳಬಾರದೆಂದು ಹಳೆಯ ಕ್ಯಾಲೆಂಡರಿನ ರಟ್ಟು ಕೊಟ್ಟು ತಂದಿದ್ದರು. ಮಗನಿಗೆ 21 ವರ್ಷ. ಡಿಪ್ಲೊಮಾ ಅರ್ಧಕ್ಕೆ ನಿಂತಿತ್ತು. ಎಂಟು ತಿಂಗಳಿಂದ ಪಕ್ಕದ ಮನೆಯವರು ಗೋಡೆಯಾಚೆಯಿಂದ ತನ್ನನ್ನೇ ಆಡಿಕೊಳ್ಳುತ್ತಾರೆ ಅನ್ನುತ್ತಿದ್ದ, ಊಟದ ತಟ್ಟೆಯನ್ನು ಮೂಸಿ ನೋಡಿ ದೂಡುತ್ತಿದ್ದ. ತಾಯಿ ಫಿಲ್ಮನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದು ಕೇಳಿದ್ದು ಇಷ್ಟೇ: "ಸಾಲ ಮಾಡಿ ತೆಗಿಸೀವ್ರಿ. ಏನೂ ಇಲ್ಲಂತ ಬರದಾರಂತ. ಏನೂ ಇಲ್ಲಂದ್ರ ಹುಡುಗ ಹಿಂಗ್ಯಾಕ ಅದಾನ್ರಿ?" ಪಕ್ಕದಲ್ಲಿದ್ದ ಚಿಕ್ಕಮ್ಮ ದನಿ ತಗ್ಗಿಸಿ ಇನ್ನೊಂದು ಪ್ರಶ್ನೆ ಸೇರಿಸಿದರು: "ಇವರ ಅಪ್ಪನ ಕಡಿ ಒಬ್ರಿಗೆ ಹಿಂಗ ಇತ್ತಂತ್ರಿ. ವಂಶದಾಗ ಬಂದೈತೇನ್ರಿ?"

ಇಲ್ಲದ ದನಿ ಕೇಳಿಸುವ, ಬುಡವಿಲ್ಲದ ಅನುಮಾನ ಹುಟ್ಟಿಸುವ ಈ ರೋಗದ ಹೆಸರು ಸ್ಕಿಜೋಫ್ರೇನಿಯಾ. ಅದರ ಬಗ್ಗೆ ಈ ಎರಡು ಪ್ರಶ್ನೆಗಳ ಮೇಲೆ ಜಗತ್ತಿನ ದೊಡ್ಡ ದೊಡ್ಡ ಪ್ರಯೋಗಾಲಯಗಳು ಐವತ್ತು ವರ್ಷ ದುಡಿದಿವೆ. ವಂಶದಲ್ಲಿ ಇದೆಯೇ? ಹೌದು. ಮಿದುಳಿನಲ್ಲಿ ಕಾಣುತ್ತದೆಯೇ? ಅದಕ್ಕೂ ಹೌದು. ಆದರೆ ಎರಡೂ 'ಹೌದು' ಸಾವಿರಾರು ಜನರನ್ನು ಒಟ್ಟಿಗೆ ನಿಲ್ಲಿಸಿ ಅಳೆದಾಗ ಮಾತ್ರ ನಿಜ. ಬೆಂಚಿನ ಮೇಲೆ ಕುಳಿತ ಆ ಒಬ್ಬ ಹುಡುಗನ ಬಗ್ಗೆ ಅವು ಬಹುಪಾಲು ಮೂಕವಾಗಿಬಿಡುತ್ತವೆ. ಇದನ್ನು ಹೇಳದೆ ಬರೀ 'ವಂಶವಾಹಿ ರೋಗ', 'ಮಿದುಳಿನ ರೋಗ' ಎಂದು ಹೇಳಿ ಕಳಿಸುವುದರಿಂದ ಮನೆಗಳಲ್ಲಿ ಆಗುವ ಅನಾಹುತ ಸಣ್ಣದಲ್ಲ.

ಶೇಕಡ 80 ಅಂದರೆ ಏನು, ಏನಲ್ಲ

ಸ್ಕಿಜೋಫ್ರೇನಿಯಾದ ಆನುವಂಶಿಕತೆ ಸುಮಾರು ಶೇಕಡ 80 ಎಂದು ಓದಿದ ಕೂಡಲೇ ನಮ್ಮ ತಲೆಗೆ ಬರುವ ಅರ್ಥ 'ರೋಗಿಯ ಮಕ್ಕಳಲ್ಲಿ ನೂರಕ್ಕೆ 80 ಮಂದಿಗೆ ಬರುತ್ತದೆ' ಎಂಬುದು. ಆ ಅಂಕಿ ಹೇಳುವುದು ಅದನ್ನಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯನ್ನು ನೆನೆಸಿಕೊಳ್ಳಿ. ಮೇಲ್ಭಾಗದ ಗಂಗಾವತಿ ಕಡೆ ಎಲ್ಲರ ಗದ್ದೆಗೂ ಹೆಚ್ಚುಕಡಿಮೆ ಒಂದೇ ಸಮ ನೀರು. ಅಲ್ಲಿ ಇಬ್ಬರ ಭತ್ತದ ಇಳುವರಿಯಲ್ಲಿ ವ್ಯತ್ಯಾಸ ಬಂದರೆ ಅದರಲ್ಲಿ ದೊಡ್ಡ ಪಾಲು ಬೀಜದ್ದು. ಕಾಲುವೆಯ ಕೊನೆಯ ಮಾನ್ವಿ ಕಡೆ ಬನ್ನಿ. ಅದೇ ಬೀಜ, ಆದರೆ ಇಳುವರಿಯನ್ನು ತೀರ್ಮಾನಿಸುವುದು ನೀರು. ಬೀಜದ ಪಾಲು ಎಷ್ಟು ಎಂಬ ಲೆಕ್ಕ ಇಡೀ ಪ್ರದೇಶದ ವ್ಯತ್ಯಾಸದ ಲೆಕ್ಕವೇ ಹೊರತು ಯಾವುದೋ ಒಂದು ಗದ್ದೆಯ ಹಣೆಬರಹವಲ್ಲ. ಆನುವಂಶಿಕತೆಯ ಅಂಕಿಯೂ ಹಾಗೆಯೇ. 2018ರ ಡೆನ್ಮಾರ್ಕಿನ ಅವಳಿಗಳ ಅಧ್ಯಯನ ಅದನ್ನು ಶೇಕಡ 79 ಎಂದಿತು. ಆದರೆ ಅದೇ ಅಧ್ಯಯನದಲ್ಲಿ, ಒಂದೇ ಅಂಡದಿಂದ ಹುಟ್ಟಿದ ತದ್ರೂಪಿ ಅವಳಿಗಳಲ್ಲಿ ಒಬ್ಬರಿಗೆ ರೋಗವಿದ್ದಾಗ ಇನ್ನೊಬ್ಬರಿಗೂ ಬಂದದ್ದು ಶೇಕಡ 33ರಷ್ಟು ಜೋಡಿಗಳಲ್ಲಿ ಮಾತ್ರ. ಜೀನುಗಳೆಲ್ಲ ಒಂದೇ ಆಗಿದ್ದೂ ಮೂರರಲ್ಲಿ ಎರಡು ಪಾಲು ತಪ್ಪಿಸಿಕೊಂಡರು.

ಕುಟುಂಬದವರು ಕೇಳುವುದು ಬೇರೆ ಲೆಕ್ಕ. ಯಾವ ನಂಟಿಗೆ ಎಷ್ಟು? ಇದಕ್ಕೆ ಇವತ್ತಿಗೂ ಬಳಕೆಯಲ್ಲಿರುವುದು ಗಾಟ್ಸ್‌ಮನ್ ಎಂಬ ಮನೋವಿಜ್ಞಾನಿ ಒಟ್ಟುಗೂಡಿಸಿದ ಹಳೆಯ ಯುರೋಪಿಯನ್ ಅಂಕಿಗಳು. ಸಾಮಾನ್ಯ ಜನರಲ್ಲಿ ಜೀವಮಾನದ ಅಪಾಯ ನೂರಕ್ಕೆ ಒಂದು. ಒಡಹುಟ್ಟಿದವರಿಗಿದ್ದರೆ 9. ತಂದೆ ಅಥವಾ ತಾಯಿಗಿದ್ದರೆ 13. ಇಬ್ಬರಿಗೂ ಇದ್ದರೆ 46. ಸೋದರಮಾವನಿಗೋ ಚಿಕ್ಕಪ್ಪನಿಗೋ ಅತ್ತೆಗೋ ಇದ್ದರೆ 4. ಅವರ ಮಕ್ಕಳಿಗಿದ್ದರೆ 2. ಹೊಸ ಲೆಕ್ಕಗಳು ಇವುಗಳಲ್ಲಿ ಕೆಲವನ್ನು ಇನ್ನೂ ಕೆಳಗೆ ಎಳೆದಿವೆ. ಇಷ್ಟನ್ನು ಹೇಳಿ ನಿಲ್ಲಿಸಬಾರದು, ತಿರುಗಿಸಿಯೂ ಹೇಳಬೇಕು. ರೋಗಿಯ ತಂಗಿಗೆ ನೂರಕ್ಕೆ 91 ಪಾಲು ಈ ರೋಗ ಬರುವುದಿಲ್ಲ. ಇನ್ನೊಂದು ಮಾತು, ಇದನ್ನು ಕೇಳಿದಾಗ ಎಷ್ಟೋ ಮನೆಗಳಲ್ಲಿ 'ಯಾರ ಕಡೆಯಿಂದ ಬಂತು' ಎಂಬ ಜಗಳ ತಣ್ಣಗಾಗುತ್ತದೆ: ರೋಗಿಗಳಲ್ಲಿ ಹತ್ತಕ್ಕೆ ಒಂಬತ್ತರಷ್ಟು ಜನರ ತಂದೆಗೂ ಇಲ್ಲ, ತಾಯಿಗೂ ಇಲ್ಲ.

ಹೊರಗಿನವರು ಒಲ್ಲೆ ಅಂದಾಗ

ಈ ಅಂಕಿಗಳು ನಿಜವಾಗಿ ಬೇಕಾಗುವುದು ಮದುವೆ ಮಾತಿನ ಹೊತ್ತಿಗೆ. ಕೊಪ್ಪಳ ಕಡೆಯ ಒಬ್ಬ ಹುಡುಗಿ, ಅಣ್ಣನ ಜೊತೆ ಪ್ರತಿ ತಿಂಗಳು ಬರುವವಳು, ಒಂದು ದಿನ ತಾಯಿ ಗುಳಿಗೆ ತರಲು ಸರತಿಗೆ ಹೋದ ಮೇಲೆ ಬಾಗಿಲ ಬಳಿಯೇ ನಿಂತಳು. ವಯಸ್ಸು 27. ಎರಡು ಸಂಬಂಧ ಮುರಿದಿದ್ದವು. ಬೀಗರಾಗಬೇಕಿದ್ದವರು ಊರಲ್ಲಿ ವಿಚಾರಿಸಿ 'ಅವರ ವಂಶದಾಗ ಐತಿ' ಎಂದು ತಿಳಿದುಕೊಂಡು ಹಿಂದೆ ಸರಿದಿದ್ದರು. ಈಗ ಮನೆಯವರು ಸೋದರಮಾವನಿಗೇ ಕೊಟ್ಟುಬಿಡೋಣ ಅನ್ನುತ್ತಿದ್ದಾರೆ. ಅವನಾದರೆ ಎಲ್ಲ ಗೊತ್ತಿದ್ದವನು, ಒಲ್ಲೆ ಅನ್ನುವುದಿಲ್ಲ. "ನನಗೂ ಬರತೈತೇನ್ರಿ? ನನ್ನ ಮಕ್ಳಿಗೆ?"

ಆಕೆಗೆ ಬರುವ ಅಪಾಯ 9 ಎಂಬುದು ಹುಟ್ಟಿದ ದಿನದ ಲೆಕ್ಕ. ಗಂಡಸರಲ್ಲಿ ಈ ರೋಗ ಹೆಚ್ಚಾಗಿ 18ರಿಂದ 25ರೊಳಗೆ ತಲೆ ಎತ್ತುತ್ತದೆ, ಹೆಂಗಸರಲ್ಲಿ ಕೆಲವು ವರ್ಷ ತಡವಾಗಿ, ಮತ್ತೆ 45ರ ಆಸುಪಾಸಿನಲ್ಲಿ ಇನ್ನೊಂದು ಸಣ್ಣ ಏರು. ಅಂದರೆ 27 ದಾಟಿದವಳು ಅಪಾಯದ ಒಂದು ದೊಡ್ಡ ತುಂಡನ್ನು ಈಗಾಗಲೇ ಹಿಂದೆ ಬಿಟ್ಟಿದ್ದಾಳೆ. ಹೊರಗಿನವನನ್ನು ಮದುವೆಯಾದರೆ ಆಕೆಯ ಮಕ್ಕಳಿಗೆ ರೋಗಿ ಸೋದರಮಾವ. ನೂರಕ್ಕೆ ಸುಮಾರು 4.

ಸೋದರಮಾವನನ್ನೇ ಮದುವೆಯಾದರೆ? ಇಲ್ಲಿ ಕೂಡುವ ಲೆಕ್ಕ ಬರುತ್ತದೆ. ತಾಯಿಯ ಕಡೆಯಿಂದ ನೋಡಿದರೆ ಮಗುವಿಗೆ ರೋಗಿ ಸೋದರಮಾವ, ಹಂಚಿಕೊಂಡ ಜೀನುಗಳ ಪಾಲು ನಾಲ್ಕರಲ್ಲಿ ಒಂದು. ಆದರೆ ತಂದೆಯ ಕಡೆಯಿಂದ ನೋಡಿದರೆ ಅದೇ ರೋಗಿ ತಂದೆಯ ಅಕ್ಕನ ಮಗ, ಅಲ್ಲಿ ಎಂಟರಲ್ಲಿ ಒಂದು. ಎರಡೂ ಸೇರಿ ಎಂಟರಲ್ಲಿ ಮೂರು. ಒಡಹುಟ್ಟಿದವರ ನಂಟು ಎಂಟರಲ್ಲಿ ನಾಲ್ಕು. ಅಂದರೆ ಆ ಮಗು ರೋಗಿಗೆ ಬರೀ ಅಳಿಯನಲ್ಲ, ಅಳಿಯನಿಗೂ ತಮ್ಮನಿಗೂ ನಡುವಿನವನು. ವಂಶದ ಭಯದಿಂದ ಹೊರಗಿನವರು ಹಿಂದೆ ಸರಿಯುತ್ತಾರೆ, ಆ ಕಾರಣಕ್ಕೆ ಮನೆಯವರು ಒಳಗೇ ಸಂಬಂಧ ಹುಡುಕುತ್ತಾರೆ, ಹಾಗೆ ಹುಡುಕಿದ್ದೇ ಅಪಾಯವನ್ನು ಒಂದಿಷ್ಟು ಏರಿಸುತ್ತದೆ. ಕರ್ನಾಟಕದಲ್ಲಿ ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚು ಮದುವೆಗಳು ರಕ್ತಸಂಬಂಧದಲ್ಲೇ ಆಗುತ್ತವೆ ಎಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಹಾಗಂತ ಸಂಬಂಧದಲ್ಲಿ ಮದುವೆಯಾದದ್ದಕ್ಕೇ ಸ್ಕಿಜೋಫ್ರೇನಿಯಾ ಬಂತು ಅನ್ನುವುದು ತಪ್ಪು. ನೂರಾರು ಸಣ್ಣ ಜೀನು ವ್ಯತ್ಯಾಸಗಳು ಸೇರಿ ಬರುವ ರೋಗದಲ್ಲಿ ರಕ್ತಸಂಬಂಧದ ಪಾಲು ಸಣ್ಣದು. ಅದು ದೊಡ್ಡ ಹೊಡೆತ ಕೊಡುವುದು ಬೇರೆ ರೋಗಗಳಲ್ಲಿ. ಅಂಥದ್ದೊಂದು ಸ್ಕಿಜೋಫ್ರೇನಿಯಾದ ವೇಷ ಹಾಕಿಕೊಂಡು ಬರುತ್ತದೆ, ಅದನ್ನು ಮುಂದೆ ಹೇಳುತ್ತೇನೆ.

287 ಜಾಗಗಳು, ಮತ್ತು ಒಂದು ಚಾಟನಿ

ಒಂದು ಕಾಲಕ್ಕೆ 'ಸ್ಕಿಜೋಫ್ರೇನಿಯಾದ ಜೀನು' ಸಿಗುತ್ತದೆ ಎಂದು ಎಲ್ಲರೂ ಕಾಯುತ್ತಿದ್ದರು. ಸ್ಕಾಟ್ಲೆಂಡಿನ ಒಂದು ಕುಟುಂಬದಲ್ಲಿ 1 ಮತ್ತು 11ನೇ ವರ್ಣತಂತುಗಳ ತುಂಡು ಅದಲುಬದಲಾದದ್ದು ಸಿಕ್ಕಿತು. ಅಲ್ಲಿ ಮುರಿದ ಜೀನಿಗೆ ಡಿಸ್ಕ್-1 ಎಂದು ಹೆಸರಿಟ್ಟರು. ನರಕೋಶಗಳ ನಡುವೆ ಸುದ್ದಿ ಒಯ್ಯುವ ಡೋಪಮೈನ್ ಎಂಬ ರಾಸಾಯನಿಕವನ್ನು ಒಡೆಯುವ ಕಾಮ್ಟ್ ಜೀನಿನ ಮೇಲೆ ರಾಶಿ ರಾಶಿ ಪ್ರಬಂಧಗಳು ಬಂದವು. ಮಾದರಿಗಳ ಸಂಖ್ಯೆ ನೂರರಿಂದ ಹತ್ತು ಸಾವಿರಗಳಿಗೆ ಏರಿದಾಗ ಇವುಗಳಲ್ಲಿ ಹೆಚ್ಚಿನವು ಸದ್ದಿಲ್ಲದೆ ಉದುರಿಹೋದವು. ಸಣ್ಣ ಗುಂಪಿನಲ್ಲಿ ಸಿಗುವ ದೊಡ್ಡ ಫಲಿತಾಂಶವನ್ನು ನಂಬಬಾರದು ಎಂಬ ಪಾಠಕ್ಕೆ ಈ ಕ್ಷೇತ್ರ ಕೊಟ್ಟ ಶುಲ್ಕ ಬಹಳ.

2014ರಲ್ಲಿ ಸುಮಾರು 37 ಸಾವಿರ ರೋಗಿಗಳನ್ನೂ 1 ಲಕ್ಷ 13 ಸಾವಿರ ಇತರರನ್ನೂ ಹೋಲಿಸಿ, ರೋಗದ ಅಪಾಯಕ್ಕೆ ಸಂಬಂಧಿಸಿದ 108 ಜಾಗಗಳನ್ನು ವರ್ಣತಂತುಗಳ ಮೇಲೆ ಗುರುತಿಸಿದರು. 2022ರಲ್ಲಿ ರೋಗಿಗಳು 76,755, ಇತರರು 2,43,649, ಜಾಗಗಳು 287. ಒಂದೊಂದು ಜಾಗವೂ ಅಪಾಯವನ್ನು ಏರಿಸುವುದು ತೃಣಮಾತ್ರ. ಆದರೆ ಅವು ಎಲ್ಲಿ ಗುಂಪುಗೂಡಿವೆ ಎಂಬುದು ಮುಖ್ಯ. ಬಹುಪಾಲು ನರಕೋಶಗಳಲ್ಲಿ, ಅದರಲ್ಲೂ ಎರಡು ನರಕೋಶಗಳು ಮಾತಾಡಿಕೊಳ್ಳುವ ಸಂಧಿಯಲ್ಲಿ ಕೆಲಸ ಮಾಡುವ ಜೀನುಗಳು. ಅದೇ ವರ್ಷದ ಇನ್ನೊಂದು ಅಧ್ಯಯನ ಅತಿ ವಿರಳ ಆದರೆ ಬಲವಾದ ದೋಷಗಳಿರುವ ಹತ್ತು ಜೀನುಗಳನ್ನು ಹೆಸರಿಸಿತು. ಇಂಥ ದೋಷವಿದ್ದರೆ ಅಪಾಯ ಮೂರರಿಂದ ಐವತ್ತು ಪಟ್ಟು. ಗ್ಲುಟಮೇಟ್ ಎಂಬ ಇನ್ನೊಂದು ಸುದ್ದಿವಾಹಕ ರಾಸಾಯನಿಕವನ್ನು ಹಿಡಿದುಕೊಳ್ಳುವ ಗ್ರಾಹಕದ ಒಂದು ಭಾಗವನ್ನು ಕಟ್ಟುವ ಗ್ರಿನ್-2ಎ ಎಂಬ ಜೀನು ಎರಡೂ ಪಟ್ಟಿಗಳಲ್ಲಿದೆ. ಎರಡು ಬೇರೆ ದಾರಿಯಲ್ಲಿ ಹೊರಟವರು ಒಂದೇ ಬಾಗಿಲಿಗೆ ಬಂದು ನಿಂತರೆ ಆ ಬಾಗಿಲನ್ನು ತಟ್ಟಿ ನೋಡಲೇಬೇಕು.

ಈ ಎಲ್ಲದರಲ್ಲಿ ಹೇಳಿಕೊಳ್ಳಲು ಬರುವ ಕಥೆ ಸಿ-4 ಎಂಬ ಜೀನಿನದು. ಇದಿರುವುದು 6ನೇ ವರ್ಣತಂತುವಿನ ಮೇಲೆ, ಸೋಂಕಿನೊಡನೆ ಹೋರಾಡುವ ಜೀನುಗಳ ಕೇರಿಯಲ್ಲಿ. ಇದರ ಪ್ರತಿಗಳ ಸಂಖ್ಯೆ ಒಬ್ಬರಿಂದ ಒಬ್ಬರಿಗೆ ಬೇರೆ. 2016ರಲ್ಲಿ ಸ್ಟೀವನ್ ಮೆಕ್ಯಾರಲ್ ತಂಡ ತೋರಿಸಿದ್ದು: ಇದರ ಒಂದು ರೂಪವಾದ ಸಿ-4ಎ ಹೆಚ್ಚು ತಯಾರಾಗುವ ಮಿದುಳುಗಳಲ್ಲಿ ಅಪಾಯ ಹೆಚ್ಚು. ಯಾಕೆ? ಈ ಪ್ರೋಟೀನು 'ಇದನ್ನು ಕತ್ತರಿಸು' ಎಂದು ನರಸಂಧಿಗಳ ಮೇಲೆ ಗುರುತು ಹಾಕುವ ವ್ಯವಸ್ಥೆಗೆ ಸೇರಿದ್ದು. ಗುರುತು ಬಿದ್ದ ಸಂಧಿಯನ್ನು ಮಿದುಳಿನ ಕಾವಲು ಕೋಶಗಳು ತಿಂದುಹಾಕುತ್ತವೆ.

ಕುಷ್ಟಗಿ ಕಡೆ ದ್ರಾಕ್ಷಿ ಇಟ್ಟವರಿಗೆ ಇದನ್ನು ವಿವರಿಸುವುದೇ ಬೇಡ. ಚಾಟನಿ ಅಂದರೆ ಬಳ್ಳಿ ಸವರುವುದು. ಏಪ್ರಿಲ್ ಚಾಟನಿ, ಅಕ್ಟೋಬರ್ ಚಾಟನಿ ಮಾಡದಿದ್ದರೆ ಬಳ್ಳಿ ಬರೀ ಎಲೆಯಾಗುತ್ತದೆ. ಆದರೆ ಹೂಗಣ್ಣು ಎಲ್ಲಿದೆ ಎಂದು ನೋಡದೆ ಕತ್ತರಿ ಆಡಿಸಿದರೆ ಆ ವರ್ಷದ ಗೊನೆಯೇ ಹೋಯಿತು. ಮಿದುಳು ತನ್ನ ದೊಡ್ಡ ಚಾಟನಿ ಮಾಡಿಕೊಳ್ಳುವುದು ಹದಿಹರೆಯದಿಂದ ಇಪ್ಪತ್ತರ ನಡುವಿನವರೆಗೆ. ಮುಖ್ಯವಾಗಿ ಹಣೆಯ ಹಿಂದಿನ ಭಾಗದಲ್ಲಿ, ಯೋಜನೆ ಮಾಡುವ, ಮಾತಿನ ಎಳೆ ಹಿಡಿದಿಡುವ, ಇದು ನನ್ನ ಯೋಚನೆ ಅದು ಹೊರಗಿನ ದನಿ ಎಂದು ಬೇರೆ ಮಾಡುವ ಭಾಗದಲ್ಲಿ. ರೋಗ ಎದ್ದು ಕಾಣುವುದೂ ಅದೇ ವಯಸ್ಸಿಗೆ. ಅತಿಯಾದ ಚಾಟನಿಯೇ ಕಾರಣವಿರಬಹುದು ಎಂದು ಫೈನ್‌ಬರ್ಗ್ 1982ರಲ್ಲೇ ಊಹಿಸಿದ್ದರು. ಸಿ-4 ಆ ಊಹೆಯ ಕೈಗೆ ಒಂದು ಕತ್ತರಿ ಕೊಟ್ಟಿತು. ಕಥೆ ಚೆನ್ನಾಗಿದೆ ಎಂದೇ ಇಲ್ಲಿ ಎಚ್ಚರಿಕೆಯೂ ಬೇಕು. ಅತಿ ಹೆಚ್ಚು ಅಪಾಯದ ಸಿ-4 ರೂಪ ಇದ್ದವರಲ್ಲೂ ಅಪಾಯ ಏರುವುದು ಸುಮಾರು 1.3 ಪಟ್ಟು, ಅಂದರೆ ನೂರಕ್ಕೆ ಒಂದು ಇದ್ದದ್ದು ಒಂದೂಕಾಲು. (ಇದೇ ಸಿ-4 ಕಡಿಮೆಯಿದ್ದವರಿಗೆ ಲೂಪಸ್ ಎಂಬ ರೋಗದ ಅಪಾಯ ಹೆಚ್ಚು. ಒಂದು ಕಡೆ ಕೊಟ್ಟು ಇನ್ನೊಂದು ಕಡೆ ಕಿತ್ತುಕೊಳ್ಳುವುದು ಪ್ರಕೃತಿಯ ಹಳೆಯ ಚಾಳಿ.)

ಎಲ್ಲ ಸಣ್ಣ ವ್ಯತ್ಯಾಸಗಳನ್ನೂ ಕೂಡಿಸಿ ಒಬ್ಬ ವ್ಯಕ್ತಿಗೆ ಒಂದು ಅಂಕ ಕೊಡುವ ಪದ್ಧತಿ ಈಗ ಬಂದಿದೆ. ಉಗುಳು ಕಳಿಸಿದರೆ ಅಪಾಯ ಹೇಳುತ್ತೇವೆ ಅನ್ನುವ ಕಿಟ್‌ಗಳ ಹಿಂದಿರುವುದು ಈ ಬಗೆಯ ಲೆಕ್ಕ. ಸ್ಕಿಜೋಫ್ರೇನಿಯಾದಲ್ಲಿ ಈ ಅಂಕ ವಿವರಿಸುವುದು ಒಟ್ಟು ವ್ಯತ್ಯಾಸದ ಶೇಕಡ 7ರಷ್ಟನ್ನು ಮಾತ್ರ. ಅದೂ ಮಾದರಿಗಳಲ್ಲಿ ಬಹುಪಾಲು ಯುರೋಪ್ ಮೂಲದವರು ಇರುವುದರಿಂದ, ನಮ್ಮ ಜನಕ್ಕೆ ತಂದು ಹಚ್ಚಿದರೆ ನಿಖರತೆ ಇನ್ನೂ ಇಳಿಯುತ್ತದೆ. ಗಂಗಾವತಿಯ ಮಣ್ಣಿಗೆ ಮಾಡಿದ ಗೊಬ್ಬರದ ಲೆಕ್ಕವನ್ನು ಲಿಂಗಸುಗೂರಿನ ಮಸಾರಿ ಭೂಮಿಗೆ ಹಾಕಿದ ಹಾಗೆ. ಬೆಂಗಳೂರಿನ ನಿಮ್ಹಾನ್ಸ್ ಬೇರೆ ಸಂಸ್ಥೆಗಳ ಜೊತೆ ಸೇರಿ, ಒಂದೇ ಮನೆಯಲ್ಲಿ ಹಲವರಿಗೆ ಮಾನಸಿಕ ರೋಗವಿರುವ ಕುಟುಂಬಗಳನ್ನು ವರ್ಷಗಳ ಕಾಲ ಹಿಂಬಾಲಿಸುತ್ತಿರುವುದಕ್ಕೆ ಈ ಕೊರತೆಯೂ ಒಂದು ಕಾರಣ. ಅಲ್ಲಿಯವರೆಗೆ ಕಿಟ್ಟಿಗೆ ಕೊಡುವ ದುಡ್ಡನ್ನು ಗುಳಿಗೆಗೆ, ಬಸ್ ಚಾರ್ಜಿಗೆ ಇಟ್ಟುಕೊಳ್ಳುವುದು ಲೇಸು.

ಐದಾರು ಜೋಳದ ಕಾಳು

ಈಗ ಆ ತಾಯಿಯ ಫಿಲ್ಮಿಗೆ ಬರೋಣ. ಸ್ಕಿಜೋಫ್ರೇನಿಯಾ ಇದ್ದವರ ಮಿದುಳಿನಲ್ಲಿ ವ್ಯತ್ಯಾಸ ಇಲ್ಲವೇ ಇಲ್ಲ ಎಂದಲ್ಲ. 1976ರಲ್ಲೇ ಲಂಡನ್ನಿನ ಈವ್ ಜಾನ್‌ಸ್ಟನ್ ಮತ್ತು ಟಿಮ್ ಕ್ರೋ ಅವರ ತಂಡ, ಆಗಷ್ಟೇ ಬಂದಿದ್ದ ಸಿಟಿ ಸ್ಕ್ಯಾನಿನಿಂದ, ಹಳೆಯ ರೋಗಿಗಳ ಮಿದುಳಿನೊಳಗಿನ ನೀರಿನ ಕೋಣೆಗಳು ಹಿಗ್ಗಿರುವುದನ್ನು ತೋರಿಸಿತು. ನೋಡಿದ್ದು 17 ರೋಗಿಗಳನ್ನು ಮಾತ್ರ, ಆದರೆ ಅದರ ತಿರುಳು ಇಂದಿಗೂ ಉಳಿದಿದೆ. 2016ರಲ್ಲಿ ಎನಿಗ್ಮಾ ಎಂಬ ಅಂತರರಾಷ್ಟ್ರೀಯ ಕೂಟ 2,028 ರೋಗಿಗಳನ್ನು 2,540 ಆರೋಗ್ಯವಂತರೊಡನೆ ಹೋಲಿಸಿತು. ನೆನಪನ್ನು ಕಟ್ಟುವ ಹಿಪೊಕ್ಯಾಂಪಸ್ ಕಿರಿದು. ಮಿದುಳಿನ ಇನ್ನೆರಡು ಒಳಭಾಗಗಳಾದ ಥಲಾಮಸ್, ಅಮಿಗ್ಡಲಾ ಕಿರಿದು. ನೀರಿನ ಕೋಣೆಗಳು ಹಿರಿದು. 2018ರಲ್ಲಿ ಅದೇ ಕೂಟ ಮಿದುಳಿನ ತೊಗಟೆಯನ್ನು ಅಳೆದು, ಹಣೆಯ ಹಿಂದಿನ ಮತ್ತು ಕಿವಿಯ ಪಕ್ಕದ ಭಾಗಗಳಲ್ಲಿ ಅದು ಹೆಚ್ಚು ತೆಳುವಾಗಿದೆ ಎಂದಿತು.

ಒಳಭಾಗಗಳಲ್ಲಿ ಎಲ್ಲಕ್ಕಿಂತ ದೊಡ್ಡ ಅಂತರವೆಂದರೆ ಹಿಪೊಕ್ಯಾಂಪಸ್ಸಿನದೇ. ಒಂದು ಬದಿಯ ಹಿಪೊಕ್ಯಾಂಪಸ್ ಮೂರೂವರೆ ಮಿಲಿಲೀಟರಿನಷ್ಟು ಇರುತ್ತದೆ. ಸರಾಸರಿ ವ್ಯತ್ಯಾಸ ಶೇಕಡ 4ರ ಆಸುಪಾಸು. ಅಂದರೆ ಐದಾರು ಬಿಳಿಜೋಳದ ಕಾಳಿನಷ್ಟು. ರೋಗಿಗಳ ಅಳತೆಗಳನ್ನೂ ಆರೋಗ್ಯವಂತರ ಅಳತೆಗಳನ್ನೂ ಎರಡು ರಾಶಿ ಮಾಡಿ ಒಂದರ ಮೇಲೊಂದು ಇಟ್ಟರೆ ಶೇಕಡ 80ಕ್ಕೂ ಹೆಚ್ಚು ಭಾಗ ಒಂದಾಗಿಬಿಡುತ್ತದೆ. ಹೊರಗೆ ಚಹಾ ಮಾರುವವನ ಹಿಪೊಕ್ಯಾಂಪಸ್ ಒಳಗೆ ಕುಳಿತ ರೋಗಿಯದಕ್ಕಿಂತ ಕಿರಿದಾಗಿರುವ ಸಾಧ್ಯತೆ ಧಾರಾಳವಾಗಿದೆ. ಸಂಶೋಧನೆಗೆ ಮಿದುಳನ್ನು ಒಂದೊಂದು ಮಿಲಿಮೀಟರಿನ ಘನಗಳಾಗಿ ತೆಗೆದು ಕಂಪ್ಯೂಟರಿನಲ್ಲಿ ಅಳೆಯುತ್ತಾರೆ. ದಿನನಿತ್ಯದ ಸ್ಕ್ಯಾನಿನಲ್ಲಿ ಹೋಳಿನ ದಪ್ಪವೇ ಸಾಮಾನ್ಯವಾಗಿ ಐದು ಮಿಲಿಮೀಟರು, ಓದುವುದು ಕಣ್ಣಿನಿಂದ. ಅದರಲ್ಲಿ ಐದು ಕಾಳು ಹುಡುಕಲು ಆಗುವುದಿಲ್ಲ. 'ಏನೂ ಇಲ್ಲ' ಎಂದು ವರದಿ ಬರೆದವರು ತಪ್ಪು ಬರೆದಿಲ್ಲ. ಗಡ್ಡೆ ಇಲ್ಲ, ರಕ್ತ ಇಳಿದಿಲ್ಲ, ಹುಳದ ಗಂಟು ಇಲ್ಲ ಎಂದು ಅದರ ಅರ್ಥ. ರೋಗ ಇಲ್ಲ ಎಂದಲ್ಲ. ಈ ಒಂದು ಸಾಲನ್ನು ವರದಿ ಕೈಗಿಡುವಾಗಲೇ ಹೇಳಿದರೆ 'ಫೋಟೊದಾಗ ಏನೂ ಇಲ್ಲ, ಹಂಗಾರ ಗಾಳಿನ ಹಿಡಿದೈತಿ' ಎಂಬ ಮಾತು ಹುಟ್ಟುವುದಿಲ್ಲ.

ಉಲ್ಟಾ ತಪ್ಪೂ ಆಗುತ್ತದೆ. ವರದಿಯಲ್ಲಿ 'ಮಿದುಳು ಕೊಂಚ ಕುಗ್ಗಿದೆ' ಎಂದಿದ್ದರೆ ಮನೆಯವರು ಕಂಗಾಲು. ಮಿದುಳಿನ ಅಳತೆ ಅಲ್ಲಾಡುವುದಕ್ಕೆ ಕಾರಣಗಳು ಹತ್ತಾರು. 16 ಗಂಟೆ ನೀರು ಕುಡಿಯದೆ ಇದ್ದವರ ಮಿದುಳು ಅರ್ಧ ಶೇಕಡದಷ್ಟು ಕುಗ್ಗಿದ್ದು ಅಳತೆಗೆ ಸಿಕ್ಕಿದೆ. ರಾಯಚೂರಿನ ಮೇ ತಿಂಗಳಲ್ಲಿ, ಅನುಮಾನದಿಂದ ಮನೆಯ ನೀರನ್ನೇ ಮುಟ್ಟದ ಹುಡುಗನನ್ನು ಬಸ್ಸಿನಲ್ಲಿ ಕರೆತಂದು ಮಷೀನಿಗೆ ಹಾಕಿದರೆ ಏನಾಗಬಹುದು ಎಂದು ಯೋಚಿಸಿ. ಸ್ಕ್ಯಾನಿನ ಒಳಗೆ ತಲೆ ಅಲುಗಿಸಿದರೆ ತೊಗಟೆ ಇರುವುದಕ್ಕಿಂತ ತೆಳುವಾಗಿ ಕಾಣುತ್ತದೆ, ಗಾಬರಿಯಾದವರು ಅಲುಗುವುದೇ ಹೆಚ್ಚು. ಬೀಡಿ, ಸಾರಾಯಿ ತಮ್ಮ ಪಾಲು ಸೇರಿಸುತ್ತವೆ. ಔಷಧದ ಪಾಲೂ ಇದೆ, ಅದನ್ನು ಮುಚ್ಚಿಡಬಾರದು. 2005ರಲ್ಲಿ ಕೋತಿಗಳಿಗೆ ಈ ರೋಗದ ಔಷಧಗಳಾದ ಹ್ಯಾಲೊಪೆರಿಡಾಲ್ ಅಥವಾ ಒಲಾಂಜಪಿನ್ ಅನ್ನು 17ರಿಂದ 27 ತಿಂಗಳು ಕೊಟ್ಟು ನೋಡಿದಾಗ ಮಿದುಳಿನ ತೂಕ ಶೇಕಡ 8ರಿಂದ 11ರಷ್ಟು ಕಡಿಮೆಯಿತ್ತು. ಹಾಗೆಂದು ಗುಳಿಗೆ ಬಿಡಿಸುವುದು ಮೂರ್ಖತನ. ಗುಳಿಗೆಯನ್ನೇ ಕಾಣದ, ಹೊಸದಾಗಿ ರೋಗ ಬಂದವರಲ್ಲೂ ವ್ಯತ್ಯಾಸಗಳು ಕಂಡಿವೆ. ಬಿಟ್ಟಾಗ ರೋಗ ಮರುಕಳಿಸಿ ಆಗುವ ನಷ್ಟವಂತೂ ಕಣ್ಣೆದುರಿಗೇ ಇದೆ. ಇದರಿಂದ ತಿಳಿಯಬೇಕಾದದ್ದು ಬೇರೆ: ಸಾಕಾಗುವಷ್ಟೇ ಪ್ರಮಾಣ, ಆರು ತಿಂಗಳಿಗೊಮ್ಮೆ ಮರುಪರಿಶೀಲನೆ, ಒಂದೇ ಕೆಲಸದ ಎರಡು ಮೂರು ಗುಳಿಗೆ ಒಟ್ಟಿಗೆ ಬೇಡ.

ಸೇತುವೆ ಎಲ್ಲಿ ಮುರಿದಿದೆ

ಜೀನು ಮಿದುಳಿನ ಆಕಾರ ಕೆಡಿಸುತ್ತದೆ, ಕೆಟ್ಟ ಆಕಾರ ರೋಗ ತರುತ್ತದೆ ಎಂಬ ಸರಳ ಗೆರೆಯನ್ನು ಎಲ್ಲರೂ ಮನಸ್ಸಿನಲ್ಲಿ ಎಳೆದುಕೊಂಡಿರುತ್ತೇವೆ. 2016ರಲ್ಲಿ ಅದನ್ನೇ ನೇರವಾಗಿ ಪರೀಕ್ಷಿಸಿದರು. ರೋಗದ ಅಪಾಯ ಏರಿಸುವ ಸಾಮಾನ್ಯ ಜೀನು ವ್ಯತ್ಯಾಸಗಳೂ, ಮಿದುಳಿನ ಒಳಭಾಗಗಳ ಗಾತ್ರವನ್ನು ತೀರ್ಮಾನಿಸುವ ಜೀನು ವ್ಯತ್ಯಾಸಗಳೂ ಒಂದೇ ಏನು? ಎಂಟು ಅಳತೆಗಳಲ್ಲಿ ಯಾವುದರಲ್ಲೂ ಒಟ್ಟಾರೆ ಹೊಂದಾಣಿಕೆ ಸಿಗಲಿಲ್ಲ. ಆಮೇಲಿನ, ಇನ್ನೂ ಸೂಕ್ಷ್ಮ ವಿಧಾನಗಳಲ್ಲಿ ಅಲ್ಲೊಂದು ಇಲ್ಲೊಂದು ಜಾಗ ಎರಡಕ್ಕೂ ಸೇರಿದ್ದು ಸಿಕ್ಕಿತು, ಆದರೆ ದಿಕ್ಕು ಒಂದೇ ಇರಲಿಲ್ಲ. ಒಂದು ಜಾಗ ಅಪಾಯ ಏರಿಸಿ ಗಾತ್ರ ಇಳಿಸಿದರೆ ಇನ್ನೊಂದು ಅಪಾಯದ ಜೊತೆ ಗಾತ್ರವನ್ನೂ ಏರಿಸುತ್ತದೆ. ರೋಗಿಗಳ ಆರೋಗ್ಯವಂತ ಒಡಹುಟ್ಟಿದವರಲ್ಲಿ ಕಂಡ ವ್ಯತ್ಯಾಸಗಳೂ ತೀರಾ ಸಣ್ಣವು.

ನನಗೆ ಇದು ಸೋಲಿನ ಸುದ್ದಿಯಂತೆ ಕಾಣುವುದಿಲ್ಲ. ಗಾತ್ರ ಎಂಬುದು ಬಹಳ ಒರಟು ಅಳತೆ. ಮನೆಯ ಚದರಡಿ ನೋಡಿ ಒಳಗಿನವರ ಮಾತುಕತೆ ಹೇಗಿದೆ ಎಂದು ಹೇಳಲು ಬರುವುದಿಲ್ಲ. ಜೀನುಗಳು ಬೆರಳು ತೋರುತ್ತಿರುವುದು ನರಸಂಧಿಯ ಕಡೆಗೆ, ಅದನ್ನು ಎಂಆರ್‌ಐ ಕಾಣಲಾರದು. ಎಂಆರ್‌ಐ ಕಾಣುವುದರಲ್ಲಿ ಜೀನಿನ ಜೊತೆ ರೋಗ ಕಳೆದ ವರ್ಷಗಳು, ಗುಳಿಗೆ, ಬೀಡಿ, ಹೆರಿಗೆಯಲ್ಲಾದ ತೊಂದರೆ, ಬಸುರಿಯ ಹಸಿವು ಎಲ್ಲ ಕಲಸಿಹೋಗಿವೆ. ಬಸುರಿಯ ಹಸಿವು ಅಂದದ್ದು ಅಲಂಕಾರಕ್ಕಲ್ಲ. 1944–45ರ ಡಚ್ ಬರಗಾಲದಲ್ಲಿ ಗರ್ಭ ನಿಂತ ಮಕ್ಕಳಲ್ಲಿ ಈ ರೋಗ ಎರಡು ಪಟ್ಟು ಹೆಚ್ಚಿತು. ಚೀನಾದ 1959–61ರ ಬರದ ನಂತರವೂ ಹಾಗೆಯೇ ಆಯಿತು.

ಜೀನು, ಮಿದುಳು, ರೋಗ ಮೂರನ್ನೂ ಸೇರಿಸುವ ಸೇತುವೆ ಗಟ್ಟಿಯಾಗಿ ನಿಂತಿರುವ ಒಂದು ಜಾಗ ಇದೆ. 22ನೇ ವರ್ಣತಂತುವಿನಲ್ಲಿ ಸುಮಾರು 30 ಲಕ್ಷ ಡಿಎನ್‌ಎ ಅಕ್ಷರಗಳ ಒಂದು ತುಂಡೇ ಬಿದ್ದುಹೋಗಿರುವ ಸ್ಥಿತಿ. ಅಂಥವರಲ್ಲಿ ನಾಲ್ಕರಲ್ಲಿ ಒಬ್ಬರಿಗೆ ಸ್ಕಿಜೋಫ್ರೇನಿಯಾ ಬರುತ್ತದೆ. ಅವರ ಮಿದುಳಿನ ತೊಗಟೆಯ ವಿಸ್ತೀರ್ಣ ಕಡಿಮೆ. ವಿಚಿತ್ರವೆಂದರೆ ದಪ್ಪ ಹೆಚ್ಚು, ಸಾಮಾನ್ಯ ಸ್ಕಿಜೋಫ್ರೇನಿಯಾದಲ್ಲಿ ಕಾಣುವುದರ ತದ್ವಿರುದ್ಧ. ಆದರೆ ಅವರಲ್ಲೇ ರೋಗ ಬಂದವರನ್ನು ಬಾರದವರೊಡನೆ ಹೋಲಿಸಿದರೆ ಬಂದವರದು ತೆಳು.

ಹುಡುಕಲೇಬೇಕಾದದ್ದು

ಆ ತುಂಡು ಬಿದ್ದಿರುವುದು ಸ್ಕಿಜೋಫ್ರೇನಿಯಾ ರೋಗಿಗಳಲ್ಲಿ ನೂರಕ್ಕೆ ಒಬ್ಬರಲ್ಲೋ ಇನ್ನೂರಕ್ಕೆ ಒಬ್ಬರಲ್ಲೋ. ಎಲ್ಲರಿಗೂ ಪರೀಕ್ಷೆ ಬೇಡ. ಕೇಳಬೇಕಾದ ಪ್ರಶ್ನೆಗಳು ಸರಳ. ಕೂಸಿದ್ದಾಗ ಹೃದಯದ ಆಪರೇಷನ್ ಆಗಿತ್ತೇ? ಅಂಗುಳ ಸೀಳಿತ್ತೇ, ಮಾತು ಮೂಗಿನಿಂದ ಬರುತ್ತದೆಯೇ, ಹಾಲು ಮೂಗಿಗೆ ಬರುತ್ತಿತ್ತೇ? ಫಿಟ್ಸ್ ಬಂದು ಕ್ಯಾಲ್ಸಿಯಂ ಏರಿಸಿದ್ದರೇ? ಶಾಲೆಯಲ್ಲಿ ಮೊದಲಿನಿಂದಲೂ ಹಿಂದೆಯೇ? ಎರಡಕ್ಕೆ ಹೌದು ಅಂದರೆ ರಕ್ತದ ಕ್ಯಾಲ್ಸಿಯಂ ನೋಡಿಸಿ, ವರ್ಣತಂತುವಿನ ಸಣ್ಣ ತುಂಡು ಕಾಣೆಯಾದದ್ದನ್ನೂ ಹಿಡಿಯುವ ಮೈಕ್ರೊಅರೇ ಪರೀಕ್ಷೆಗೆ ಕಳಿಸಬೇಕು. ಎಡವುವುದು ಇಲ್ಲಿಯೇ: ಸೂಕ್ಷ್ಮದರ್ಶಕದಲ್ಲಿ ವರ್ಣತಂತು ನೋಡುವ ಕ್ಯಾರಿಯೊಟೈಪ್ ಮಾಡಿಸಿ 'ನಾರ್ಮಲ್' ಎಂದು ಬಿಡುತ್ತಾರೆ. ಅದಕ್ಕೆ 50 ಲಕ್ಷ ಅಕ್ಷರಗಳಿಗಿಂತ ಸಣ್ಣ ತುಂಡು ಕಾಣುವುದಿಲ್ಲ. ಗೊತ್ತಾದರೆ ಲಾಭವಿದೆ. ಕ್ಯಾಲ್ಸಿಯಂ ಕಡಿಮೆಯಿದ್ದಾಗ ಕ್ಲೋಜಪಿನ್ ಎಂಬ ಸ್ಕಿಜೋಫ್ರೇನಿಯಾ ಗುಳಿಗೆ ಕೊಟ್ಟರೆ ಫಿಟ್ಸ್ ಬರುವ ಭಯ ಹೆಚ್ಚು, ಮೊದಲು ಅದನ್ನು ಸರಿಪಡಿಸಬಹುದು. ಆ ವ್ಯಕ್ತಿಯ ಪ್ರತಿ ಮಗುವಿಗೂ ಅರ್ಧದಷ್ಟು ಸಾಧ್ಯತೆ ಇದೆ ಎಂದು ಮುಂಚೆಯೇ ಹೇಳಬಹುದು.

ವೇಷ ಹಾಕಿಕೊಂಡು ಬರುವ ರೋಗ ಅಂದದ್ದು ವಿಲ್ಸನ್ ಕಾಯಿಲೆಯನ್ನು. ತಂದೆ ತಾಯಿ ಇಬ್ಬರಿಂದಲೂ 13ನೇ ವರ್ಣತಂತುವಿನ ಕೆಟ್ಟ ಪ್ರತಿ ಬಂದರೆ ಮೈಯಲ್ಲಿ ತಾಮ್ರ ಕೂಡುತ್ತದೆ, ಲಿವರಿನಲ್ಲಿ, ಮಿದುಳಿನ ತಳದಲ್ಲಿ. ಸಂಬಂಧದಲ್ಲಿ ಮದುವೆಯಾದ ಮನೆಗಳಲ್ಲಿ ಇದು ಹೆಚ್ಚು. ಹದಿನೆಂಟರ ಹುಡುಗ ಸಿಟ್ಟು, ಅನುಮಾನ, ಅಳು ಎಂದು ಬರುತ್ತಾನೆ. ಸ್ವಲ್ಪ ಕೈ ನಡುಕ, ಅಕ್ಷರ ಕೆಟ್ಟಿರುವುದು, ಮಾತು ತೊದಲು, ಜೊಲ್ಲು. ಹಿಂದೊಮ್ಮೆ ಕಾಮಾಲೆ. ಸ್ಕಿಜೋಫ್ರೇನಿಯಾ ಎಂದು ಹ್ಯಾಲೊಪೆರಿಡಾಲ್ ಕೊಟ್ಟರೆ ಮೈ ಮರದಂತೆ ಸೆಟೆಯುತ್ತದೆ. ಕಣ್ಣಿನ ವೈದ್ಯರ ಸ್ಲಿಟ್ ಲ್ಯಾಂಪಿನಲ್ಲಿ ಕರಿಗುಡ್ಡೆಯ ಅಂಚಿಗೆ ಕಂದು ಉಂಗುರ ನೋಡುವುದು, ರಕ್ತದಲ್ಲಿ ತಾಮ್ರ ಹೊರುವ ಸೆರುಲೋಪ್ಲಾಸ್ಮಿನ್ ಪ್ರೋಟೀನು ಡೆಸಿಲೀಟರಿಗೆ 20 ಮಿಲಿಗ್ರಾಮಿಗಿಂತ ಕಡಿಮೆಯೇ ನೋಡುವುದು, 24 ಗಂಟೆಯ ಮೂತ್ರದ ತಾಮ್ರ ಅಳೆಯುವುದು, ಇಷ್ಟು ಸಾಕು. ಇದಕ್ಕೆ ಔಷಧವಿದೆ, ಬೇಗ ಹಿಡಿದರೆ ಹುಡುಗ ಎದ್ದು ಓಡಾಡುತ್ತಾನೆ. ಒಡಹುಟ್ಟಿದವರಿಗೆಲ್ಲ ಪರೀಕ್ಷೆ ಮಾಡಿಸಬೇಕು, ಒಬ್ಬೊಬ್ಬರಿಗೂ ನಾಲ್ಕರಲ್ಲಿ ಒಂದು ಪಾಲು ಇರುತ್ತದೆ.

ಎಂಆರ್‌ಐ ಬೇಕಾಗುವುದೂ ಇಂಥ ಕಡೆ. ಮೊದಲ ಸಲ ರೋಗ ಬಂದದ್ದು ನಲವತ್ತೈದು ದಾಟಿದ ಮೇಲೆ, ಜೊತೆಗೆ ಫಿಟ್ಸ್, ತಲೆಗೆ ಪೆಟ್ಟು, ಮರೆವು, ಒಂದು ಬದಿಯ ದೌರ್ಬಲ್ಯ, ಜ್ವರ. ಒಂದೆರಡು ವಾರದಲ್ಲೇ ತಲೆಕೆಳಗಾಗಿ, ಬಾಯಿ ವಿಚಿತ್ರವಾಗಿ ಆಡಿಸುತ್ತ, ಫಿಟ್ಸ್ ಬರುವ ಹುಡುಗಿಯಾದರೆ ಎಂಆರ್‌ಐ 'ನಾರ್ಮಲ್' ಇದ್ದರೂ ಬಿಡಬಾರದು. ಮೈಯ ರಕ್ಷಣಾ ವ್ಯವಸ್ಥೆಯೇ ಮಿದುಳಿನ ಗ್ರಾಹಕಗಳ ಮೇಲೆ ಬೀಳುವ ಕಾಯಿಲೆ ಅದಾಗಿರಬಹುದು, ಬೆನ್ನುನೀರು ತೆಗೆದು ಪರೀಕ್ಷಿಸಬೇಕು.

ಪೆನ್ಸಿಲ್

ಉಳಿದವರಿಗೆ ಬೇಕಾದದ್ದು ಒಂದು ಹಾಳೆ, ಒಂದು ಪೆನ್ಸಿಲ್. 1985ರಲ್ಲಿ ನಿಮ್ಹಾನ್ಸ್ ದೇಶದ ಮೊದಲ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಶುರು ಮಾಡಿದ್ದು ಇದೇ ಬಳ್ಳಾರಿ ಜಿಲ್ಲೆಯಲ್ಲಿ. ಸ್ಕ್ಯಾನ್ ಇರಲಿಲ್ಲ, ಜೀನಿನ ಪಟ್ಟಿಯೂ ಇರಲಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಕಾರ್ಯಕರ್ತೆಯರಿಗೆ ಲಕ್ಷಣ ಗುರುತಿಸುವುದನ್ನು ಕಲಿಸಿ, ನಾಲ್ಕಾರು ಬಗೆಯ ಗುಳಿಗೆ, ತಿಂಗಳಿಗೊಮ್ಮೆಯ ಒಂದು ಇಂಜೆಕ್ಷನ್ ಕೊಟ್ಟರು. 1996ರಲ್ಲಿ ಕೇಂದ್ರ ಸರ್ಕಾರ ದೇಶಕ್ಕೆ ಹರಡತೊಡಗಿದ್ದು ಈ ಮಾದರಿಯನ್ನೇ. ಈಗ 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲೇ ಮಾತಾಡುತ್ತಾರೆ.

ವಂಶವೃಕ್ಷ ಬರೆಯುವ ಕ್ರಮ ಹೀಗೆ. ಗಂಡಿಗೆ ಚೌಕ, ಹೆಣ್ಣಿಗೆ ದುಂಡು, ತೀರಿದವರಿಗೆ ಅಡ್ಡ ಗೆರೆ, ಸಂಬಂಧದಲ್ಲಿ ಮದುವೆಯಾದವರ ನಡುವೆ ಜೋಡಿ ಗೆರೆ, ರೋಗವಿದ್ದವರಿಗೆ ಒಳಗೆ ಮಸಿ. ಮೂರು ತಲೆಮಾರು. 'ನಿಮ್ಮನ್ಯಾಗ ಯಾರಿಗಾದರೂ ಹುಚ್ಚು ಇತ್ತೇನು' ಎಂದು ಕೇಳಿದರೆ ಎಲ್ಲರ ಉತ್ತರವೂ ಇಲ್ಲ. ಬೇರೆ ಥರ ಕೇಳಬೇಕು. ಮನೆ ಬಿಟ್ಟು ಹೋದವರು ಯಾರಾದರೂ ಇದ್ದರೇ? ಬಾವಿಗೆ ಬಿದ್ದವರು? ಮದುವೆಯಾಗಿ ತಿಂಗಳೊಳಗೆ ತವರಿಗೆ ಬಂದು ಉಳಿದವರು? ಒಬ್ಬರೇ ಮಾತಾಡಿಕೊಂಡು ತಿರುಗುತ್ತಿದ್ದವರು? ಅಜ್ಜಿಯರನ್ನು ಕೇಳಬೇಕು, ಸಾಧ್ಯವಾದರೆ ಎರಡೂ ಕಡೆಯವರನ್ನು ಬೇರೆ ಬೇರೆ ಕೂರಿಸಿ. ಹಿಂದಿನ ಸಲ ಬರೆದ ಹಾಳೆಯನ್ನು ಆರು ತಿಂಗಳ ಮೇಲೆ ಮತ್ತೆ ತೆಗೆದರೆ ಒಂದೆರಡು ಚೌಕ ಹೊಸದಾಗಿ ಹುಟ್ಟಿಕೊಳ್ಳುತ್ತವೆ, ಅಷ್ಟರಲ್ಲಿ ನಂಬಿಕೆ ಬಂದಿರುತ್ತದೆ.

ಸಿಂಧನೂರಿನ ಆ ತಾಯಿ ಮೊದಲು ಗಂಡನ ಕಡೆಯದನ್ನೇ ಹೇಳಿದರು. ಚಿಕ್ಕಮ್ಮ ಹೇಳಿದ್ದ ಆ ಒಬ್ಬರಿಗೆ ಇದ್ದದ್ದು ಫಿಟ್ಸ್ ಎಂದು ವಿಚಾರಿಸಿದಾಗ ತಿಳಿಯಿತು, ಆ ಚೌಕದಿಂದ ಮಸಿ ಅಳಿಸಬೇಕಾಯಿತು. ತಮ್ಮ ತವರಿನ ಸಾಲಿಗೆ ಬಂದಾಗ ಅಣ್ಣತಮ್ಮಂದಿರ ಲೆಕ್ಕ ಕೊಟ್ಟು, ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮವ್ವನ ತಮ್ಮ ಒಬ್ಬ ಇದ್ದನಂತ್ರಿ" ಅಂದರು. "ಮಂತ್ರಾಲಯಕ್ಕ ಹೋಗತೀನಂತ ಹೋದಾವ ಹೊಳ್ಳಿ ಬರಲೇ ಇಲ್ಲಂತ. ನಮ್ಮವ್ವ ಸಾಯೋತನ ಅವನ ಪಾಲಿನ ಹೊಲ ಮಾರಗೊಡಲಿಲ್ರಿ." ತೀರಿದರೋ ಇದ್ದಾರೋ ಗೊತ್ತಿಲ್ಲದವರಿಗೆ ಅಡ್ಡ ಗೆರೆ ಎಳೆಯಲು ಬರುವುದಿಲ್ಲ, ಮಸಿ ತುಂಬಲೂ ಬರುವುದಿಲ್ಲ. ಚೌಕ ಬರೆದು ಒಳಗೆ ಪ್ರಶ್ನೆ ಚಿಹ್ನೆ ಹಾಕಬೇಕು. ಆ ಹಾಳೆಯನ್ನು ಅವರು ಒಂದು ಪ್ರತಿ ಕೇಳಿ ಪಡೆದು, ಫಿಲ್ಮಿನ ಜೊತೆ, ಅದೇ ಕ್ಯಾಲೆಂಡರಿನ ರಟ್ಟಿನ ಮೇಲೆ ಇಟ್ಟುಕೊಂಡರು.